ಸುಣ್ಣ ಅರಳಿಸಿದ ಬಕೆಟ್: ಅಡಿಕೆ ತೋಟದ ಅಂಗಳದಲ್ಲಿ ನಡೆದ ಒಂದು ಪ್ರಕರಣ

ಈ ಪ್ರಕರಣ ನಡೆದದ್ದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಒಂದು ಅಡಿಕೆ ತೋಟದ ಅಂಗಳದಲ್ಲಿ, ಮೇ ತಿಂಗಳ ಕೊನೆಯ ವಾರದ ಒಂದು ಬೆಳಗ್ಗೆ. ಕೊಳೆರೋಗಕ್ಕೆ ಮೊದಲ ಮದ್ದು ಬಿಡುವುದಕ್ಕಾಗಿ ಬೋರ್ಡೋ ದ್ರಾವಣ ತಯಾರಿಸುತ್ತಿದ್ದಾಗ ಸುಣ್ಣವಿದ್ದ ಪ್ಲಾಸ್ಟಿಕ್ ಬಕೆಟ್ ಉಕ್ಕಿ ಸಿಡಿದು, ಅದನ್ನು ಕದಡುತ್ತಿದ್ದ ಹಿರಿಯ ಕೆಲಸಗಾರರೊಬ್ಬರ ಮುಂಗೈ ಸುಟ್ಟಿತು. ಒಂದು ಹನಿ ಎಡಗಣ್ಣಿಗೂ ಬಿತ್ತು. ನಾನು ಆ ಮನೆಯಿಂದ ಎರಡು ಗದ್ದೆ ಆಚೆ ವಾಸಿಸುವವನು, ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಕೂಗು ಕೇಳಿ ಓಡಿ ಹೋದಾಗ ಬಕೆಟ್‌ನಿಂದ ಇನ್ನೂ ಹಬೆ ಏಳುತ್ತಿತ್ತು. ಮೂವತ್ತು ವರ್ಷಗಳಿಂದ ಇದೇ ಕೆಲಸವನ್ನು ಇದೇ ರೀತಿಯಲ್ಲಿ ಮಾಡಿಕೊಂಡು ಬಂದವರಿಗೆ ಆ ದಿನ ಮಾತ್ರ ಹೀಗೇಕಾಯಿತು ಎಂಬ ಪ್ರಶ್ನೆ ಆ ಮನೆಯವರನ್ನು ಕಾಡಿದಷ್ಟೇ ನನ್ನನ್ನೂ ಕಾಡಿತು. ಉತ್ತರ ಹುಡುಕಲು ನಾನು ಮಾಡಿದ ಲೆಕ್ಕ, ಪರೀಕ್ಷೆ ಮತ್ತು ಅದರಿಂದ ಆದ ಬದಲಾವಣೆಗಳ ವಿವರ ಇಲ್ಲಿದೆ.

ಹಿನ್ನೆಲೆ

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಅಡಿಕೆಗೆ ಮದ್ದು ಬಿಡದೆ ಮಳೆಗಾಲ ದಾಟಿಸುವುದು ಕಷ್ಟ. ಕೊಳೆರೋಗ ಅಥವಾ ಮಹಾಳಿ ಎಂದು ಕರೆಯುವ ಈ ರೋಗದ ಕಾರಣವಾದ ಶಿಲೀಂಧ್ರದಂಥ ಸೂಕ್ಷ್ಮಜೀವಿಯನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲೇ ವಿವರಿಸಿದ್ದರು. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಿಗಾಗಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಲೋಕಕ್ಕೆ ತಿಳಿಸಿದ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಮಿಶ್ರಣವೇ ಇಂದಿಗೂ ನಮ್ಮ ತೋಟಗಳ ಮುಖ್ಯ ಮದ್ದು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಶೇಕಡಾ 1ರ ಪ್ರಮಾಣವನ್ನೇ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯೂ ಶಿಫಾರಸು ಮಾಡುತ್ತದೆ. ಅದು ಇಲ್ಲಿನ ಎಲ್ಲ ಕೃಷಿಕರಿಗೂ ಬಾಯಿಪಾಠ.

ಈ ಮನೆಯಲ್ಲಿ ದಿನಕ್ಕೆ 200 ಲೀಟರಿನ ನಾಲ್ಕು ಬ್ಯಾರೆಲ್ ಮದ್ದು ಖರ್ಚಾಗುತ್ತದೆ. ಅದಕ್ಕೆ 8 ಕಿಲೋ ಮೈಲುತುತ್ತ, 8 ಕಿಲೋ ಸುಣ್ಣ ಬೇಕು. ಮೈಲುತುತ್ತವನ್ನು ಹಿಂದಿನ ರಾತ್ರಿಯೇ ಗೋಣಿ ಬಟ್ಟೆಯಲ್ಲಿ ಕಟ್ಟಿ ಬ್ಯಾರೆಲ್ ನೀರಿನಲ್ಲಿ ತೂಗುಬಿಟ್ಟಿದ್ದರು. ಸುಣ್ಣ ಅರಳಿಸುವ, ಅಂದರೆ ಸುಟ್ಟ ಸುಣ್ಣಕ್ಕೆ ನೀರು ಕೂಡಿಸುವ, ಕೆಲಸ ಮಾತ್ರ ಬೆಳಗ್ಗೆಗೆ ಉಳಿದಿತ್ತು. ಮಧ್ಯಾಹ್ನದ ಮೇಲೆ ಮಳೆ ಬರುವ ಸೂಚನೆಯಿದ್ದುದರಿಂದ ಎಲ್ಲರಿಗೂ ಅವಸರ.

ಆ ಬೆಳಗ್ಗೆ

ಏಳು ಗಂಟೆಯ ಹೊತ್ತಿಗೆ 20 ಲೀಟರಿನ ಹಳೆಯ ಪೈಂಟ್ ಬಕೆಟ್‌ಗೆ 8 ಕಿಲೋ ಚಿಪ್ಪು ಸುಣ್ಣವನ್ನು ಒಟ್ಟಿಗೇ ಸುರಿದರು. ಅದರ ಮೇಲೆ ಅರ್ಧ ಕೊಡಪಾನ ನೀರು, ಅಂದಾಜು 5 ಲೀಟರ್, ಹೊಯ್ದರು. ಮೊದಲ ಒಂದೆರಡು ನಿಮಿಷ ಏನೂ ಆಗಲಿಲ್ಲ. ಚಿಪ್ಪುಗಳು ನೀರು ಹೀರಿಕೊಂಡು ಚಿಟಿಚಿಟಿ ಸದ್ದು ಮಾಡತೊಡಗಿದವು, ಬಳಿಕ ಒಂದು ಮೂಲೆಯಿಂದ ಹಬೆ ಎದ್ದಿತು, ಮತ್ತೆ ನೋಡನೋಡುತ್ತಿದ್ದಂತೆ ಮೇಲ್ಭಾಗವೆಲ್ಲ ಒಣಗಿ ಬಿಳಿ ಹುಡಿಯಾಗಿ ಬಿರಿಯತೊಡಗಿತು. ‘ಬಿಸಿ ಜಾಸ್ತಿಯಾಯಿತು, ಸ್ವಲ್ಪ ತಣ್ಣೀರು ಬಿಡುವ’ ಎಂದು ಆ ಹಿರಿಯರು ಒಂದು ಚೆಂಬು ನೀರು ನಡುವಿಗೆ ಹೊಯ್ದು, ಕೈಯಳತೆಯ ಕಂಗಿನ ಸಲಾಕೆಯಿಂದ ತಳ ಕದಡಿದರು. ಆ ಕ್ಷಣವೇ ಸುಣ್ಣದ ಹಾಲು ಮೊಣಕಾಲೆತ್ತರಕ್ಕೂ ಮೀರಿ ಚಿಮ್ಮಿತು.

ಅವರನ್ನು ಬಾವಿಕಟ್ಟೆಗೆ ಕರೆದೊಯ್ಯುವ ಹೊತ್ತಿಗೆ ಮನೆಯೊಳಗಿನಿಂದ ಒಬ್ಬರು ಕತ್ತರಿಸಿದ ಲಿಂಬೆಹಣ್ಣು ತಂದಿದ್ದರು. ಸುಣ್ಣವನ್ನು ಹುಳಿ ಕೊಲ್ಲುತ್ತದೆ ಎಂಬುದು ಅವರ ತರ್ಕ, ಅದು ಪುಸ್ತಕದ ಮಟ್ಟಿಗೆ ತಪ್ಪೂ ಅಲ್ಲ. ಆದರೆ ಆಮ್ಲ ಮತ್ತು ಪ್ರತ್ಯಾಮ್ಲ ಸೇರಿದಾಗಲೂ ಶಾಖ ಹೊರಬರುತ್ತದೆ. ತೀವ್ರ ಆಮ್ಲ ಮತ್ತು ತೀವ್ರ ಪ್ರತ್ಯಾಮ್ಲಗಳಲ್ಲಿ ಒಂದು ಮೋಲ್, ಅಂದರೆ 18 ಗ್ರಾಂ, ನೀರು ಉಂಟಾಗುವಾಗ ಸುಮಾರು 57 ಕಿಲೋಜೂಲ್. ಲಿಂಬೆರಸದ ಲೆಕ್ಕದಲ್ಲಿ ಈ ಶಾಖ ತೀರ ಹೆಚ್ಚೇನೂ ಅಲ್ಲವಾದರೂ, ಮೊದಲೇ ಸುಟ್ಟಿರುವ ಕಣ್ಣಿಗೆ ಹುಳಿಯನ್ನು ಹಿಂಡುವುದೆಂದರೆ ಇನ್ನೊಂದು ಗಾಯ ಮಾಡಿದಂತೆ, ಮತ್ತು ಅದಕ್ಕಿಂತ ಮುಖ್ಯವಾಗಿ ನೀರು ಹಾಯಿಸಬೇಕಾದ ಅಮೂಲ್ಯ ನಿಮಿಷಗಳು ಅದರಲ್ಲಿ ಕಳೆದುಹೋಗುತ್ತವೆ. ನಾನು ಲಿಂಬೆಯನ್ನು ಬದಿಗಿಡಿಸಿ, ರೆಪ್ಪೆಗಳನ್ನು ಬಿಡಿಸಿ ಹಿಡಿದು, ಪಂಪಿನ ಪೈಪ್‌ನಿಂದ ಸಣ್ಣಗೆ ಹರಿಯುವ ನೀರನ್ನು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಕಣ್ಣಿನ ಮೇಲೆ ಬಿಡಿಸಿದೆ. ಆಸ್ಪತ್ರೆಯಲ್ಲಿ ರೆಪ್ಪೆಯ ಅಡಿಯಿಂದ ಅಕ್ಕಿಯ ನುಚ್ಚಿನಷ್ಟು ಸುಣ್ಣದ ಚೂರನ್ನು ತೆಗೆದರು. ಅವರ ದೃಷ್ಟಿ ಉಳಿಯಿತು; ಮುಂಗೈಯ ಕಲೆ ಈಗಲೂ ಇದೆ. ಕಣ್ಣಿಗೆ ಬಿದ್ದ ಸುಣ್ಣದ ಅಪಾಯ ಅದರ ಬಿಸಿಯೊಂದರಿಂದಲೇ ಬರುವುದಲ್ಲ, ತಣಿದ ಮೇಲೂ ಅದರ ಕ್ಷಾರ ಅಂಗಾಂಶವನ್ನು ಕೊರೆಯುತ್ತ ಒಳಗಿಳಿಯುತ್ತದೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಮರುದಿನ ಬಕೆಟ್ಟನ್ನು ಖಾಲಿ ಮಾಡಿ ನೋಡಿದೆ. ಅದರ ತಳದ ಒಂದು ಬದಿ ನಾಲಗೆಯಂತೆ ಹೊರಚಾಚಿತ್ತು, ಪಕ್ಕದ ಗೋಡೆ ಒಳಕ್ಕೆ ಕುಸಿದು ಸುಕ್ಕುಗಟ್ಟಿತ್ತು, ಸುಕ್ಕಿನ ಮಡಿಕೆಗಳಲ್ಲಿ ಸುಣ್ಣ ಪ್ಲಾಸ್ಟಿಕ್‌ಗೆ ಅಂಟಿಕೊಂಡೇ ಗಟ್ಟಿಯಾಗಿತ್ತು. ಪಾಲಿಥೀನ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ. ಎರಡೂ ಅದಕ್ಕಿಂತ ಮೊದಲೇ ಮೆತ್ತಗಾಗುತ್ತವೆ. ನೀರು ಸಮನಾಗಿ ತುಂಬಿರುವ ಪಾತ್ರೆ 100 ಡಿಗ್ರಿಗಿಂತ ಮೇಲೇರದು. ಹಾಗಿರುವಾಗ ಈ ತಳ ಇಷ್ಟು ಕೆಟ್ಟದಾಗಿ ಸೊಟ್ಟಗಾಗಬೇಕಾದರೆ ಆ ಬದಿಯಲ್ಲಿ ನೀರೇ ಇಲ್ಲದ ಒಂದು ಜಾಗ ಇದ್ದಿರಬೇಕು ಎಂಬ ಅನುಮಾನ ನನಗೆ ಹುಟ್ಟಿದ್ದು ಆ ಸುಕ್ಕುಗಳನ್ನು ಮುಟ್ಟಿ ನೋಡಿದಾಗ.

ಶಾಖದ ಲೆಕ್ಕ

ಸುಟ್ಟ ಸುಣ್ಣವೆಂದರೆ ಕ್ಯಾಲ್ಸಿಯಂ ಆಕ್ಸೈಡ್. ಅದು ನೀರಿನೊಡನೆ ಕೂಡಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ, ಆಗುತ್ತದೆ. ಈ ಕ್ರಿಯೆಯಲ್ಲಿ ಪ್ರತಿ ಮೋಲ್‌ಗೆ ಸುಮಾರು 65 ಕಿಲೋಜೂಲ್ ಶಾಖ ಹೊರಬರುತ್ತದೆ. 56 ಗ್ರಾಂ ಒಂದು ಮೋಲ್ ಆದ್ದರಿಂದ ಶುದ್ಧ ಸುಣ್ಣದ ಒಂದು ಕಿಲೋಗೆ ಸುಮಾರು 1,160 ಕಿಲೋಜೂಲ್, ಎಂಟು ಕಿಲೋಗೆ ಸುಮಾರು 9,300 ಕಿಲೋಜೂಲ್. ಇಷ್ಟು ಶಾಖ 30 ಲೀಟರ್ ಬಾವಿ ನೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಸುಮಾರು 200 ಗ್ರಾಂ ಗ್ಯಾಸ್ ಉರಿಸಿದಷ್ಟು. ಕಣ್ಣಿಗೆ ಕಾಣುವ ಒಂದು ಕಿಡಿಯೂ ಇಲ್ಲದ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಇಷ್ಟು ಶಾಖ ಅಡಗಿರುತ್ತದೆ ಎಂದು ಆ ಮನೆಯ ಯಜಮಾನರಿಗೆ ಹೇಳಿದಾಗ ಅವರು ತುಂಬ ಹೊತ್ತು ಮಾತಾಡಲಿಲ್ಲ.

ಇನ್ನು ನೀರಿನ ವಿಷಯಕ್ಕೆ ಬರೋಣ. ಈ ಪ್ರಕರಣದ ಗಂಟು ಇರುವುದು ಇಲ್ಲಿಯೇ. ಒಂದು ಕಿಲೋ ಸುಣ್ಣ ಅರಳುವಾಗ ಸುಮಾರು 320 ಗ್ರಾಂ ನೀರನ್ನು ತನ್ನೊಳಗೇ ಸೇರಿಸಿಕೊಳ್ಳುತ್ತದೆ. ಆ ನೀರು ಮತ್ತೆ ತಣಿಸುವ ಕೆಲಸಕ್ಕೆ ಸಿಗುವುದಿಲ್ಲ. ಎಂಟು ಕಿಲೋ ಸುಣ್ಣ ಹೀಗೆ 2.6 ಲೀಟರ್ ನೀರನ್ನು ನುಂಗಿದರೆ, ಹೊಯ್ದ 5 ಲೀಟರ್‌ನಲ್ಲಿ ಉಳಿಯುವುದು 2.4 ಲೀಟರ್ ಮಾತ್ರ. ಆ ನೀರನ್ನೂ ಅರಳಿದ ಸುಣ್ಣವನ್ನೂ 28 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 1,600 ಕಿಲೋಜೂಲ್ ಸಾಕು. ಉಳಿದ ನೀರನ್ನೆಲ್ಲ ಹಬೆಯಾಗಿಸಲು ಇನ್ನೊಂದು 5,400. ಅಷ್ಟಾದ ಮೇಲೂ 2,000 ಕಿಲೋಜೂಲ್‌ಗಿಂತ ಹೆಚ್ಚು ಶಾಖ ಮಿಗುತ್ತದೆ, ಅದನ್ನು ಹೀರಿಕೊಳ್ಳಲು ಒಣ ಸುಣ್ಣವಲ್ಲದೆ ಬೇರೇನೂ ಇರುವುದಿಲ್ಲ. ಸುಣ್ಣದ ಶುದ್ಧತೆ ಕಡಿಮೆಯಿದ್ದರೆ ಸರಾಸರಿಯಲ್ಲಿ ಈ ಮಿಗತೆ ಇಲ್ಲವಾಗಬಹುದು ನಿಜ. ಆದರೆ ಆ ಬಕೆಟ್‌ನಲ್ಲಿ ನೀರು ಸರಾಸರಿಯಾಗಿ ಹಂಚಿರಲಿಲ್ಲ. ಮೇಲಿಂದ ಹೊಯ್ದ ನೀರು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇಳಿದಿತ್ತು, ಕಡಿಮೆ ಇಳಿದ ಕಡೆ ಉಷ್ಣತೆ ನೂರನ್ನು ದಾಟಿ ಏರಿತ್ತು. ಬಕೆಟ್ಟಿನ ಸುಕ್ಕು ಇದಕ್ಕೆ ಸಾಕ್ಷಿ.

ಆ ಜಾಗಕ್ಕೆ ಚೆಂಬು ನೀರು ಬಿತ್ತು, ಸಲಾಕೆ ಅದನ್ನು ಒಳಕ್ಕೆ ನೂಕಿತು. ಒಂದು ಲೀಟರ್ ನೀರು 100 ಡಿಗ್ರಿಯಲ್ಲಿ ಹಬೆಯಾದರೆ ಸುಮಾರು 1,700 ಲೀಟರ್ ಜಾಗ ಬೇಡುತ್ತದೆ. ಚೆಂಬಿನ ನೀರಿನ ಹತ್ತನೆಯ ಒಂದು ಪಾಲು ಹಠಾತ್ತನೆ ಹಬೆಯಾದರೂ ಬಕೆಟ್ಟಿನ ಕೆಸರನ್ನು ಎತ್ತಿ ಎಸೆಯಲು ಅದು ಧಾರಾಳ. ತಣಿಸಲೆಂದು ಹೊಯ್ದ ನೀರೇ ಇಲ್ಲಿ ಸಿಡಿಸುವ ಕೆಲಸ ಮಾಡಿತು. ಬೆಂಕಿಯ ವಿಷಯದಲ್ಲಿ ಸ್ವಲ್ಪ ನೀರು ಸ್ವಲ್ಪ ಉಪಕಾರ, ಹೆಚ್ಚು ನೀರು ಹೆಚ್ಚು ಉಪಕಾರ ಎಂಬ ನಮ್ಮ ರೂಢಿಯ ತಿಳಿವಳಿಕೆ ಸುಟ್ಟ ಸುಣ್ಣದ ಮಟ್ಟಿಗೆ ನಡೆಯುವುದಿಲ್ಲ. ಅತಿ ಕಡಿಮೆ ನೀರಿನಲ್ಲಿ ಸುಣ್ಣ ಅರಳುವುದು ಅರ್ಧಕ್ಕೇ ನಿಲ್ಲುತ್ತದೆ. ಧಾರಾಳ ನೀರಿನಲ್ಲಿ ಶಾಖ ಹಂಚಿ ಹೋಗುತ್ತದೆ. ಅರಳಲು ಸಾಕಾಗಿ ತಣಿಸಲು ಸಾಲದ ನಡುವಿನ ಪ್ರಮಾಣವೇ ಎಲ್ಲಕ್ಕಿಂತ ಅಪಾಯಕಾರಿ. ಅವರು ಅಂದಾಜಿನಲ್ಲಿ ಹೊಯ್ದ ಅರ್ಧ ಕೊಡಪಾನ ಸರಿಯಾಗಿ ಆ ನಡುವಿನ ಪ್ರಮಾಣವಾಗಿತ್ತು.

ಹೋದ ವರ್ಷ ಏಕೆ ಆಗಲಿಲ್ಲ

ಹಿಂದಿನ ವರ್ಷಗಳಲ್ಲೂ ಇದೇ ಬಕೆಟ್, ಇದೇ ಅರ್ಧ ಕೊಡಪಾನ. ‘ಮಾಷ್ಟ್ರೇ, ಇಷ್ಟು ವರ್ಷ ಕೈ ಹಾಕಿ ಕದಡಿದರೂ ಬೆಚ್ಚಗೆ ಇರುತ್ತಿತ್ತಷ್ಟೆ’ ಎಂದು ಯಜಮಾನರು ಹೇಳಿದ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ವಿಚಾರಿಸಿದಾಗ ತಿಳಿದುಬಂದದ್ದು ಇಷ್ಟು: ಹಿಂದೆ ಅವರು ಬಳಸುತ್ತಿದ್ದುದು ಒಂದೆರಡು ಮಳೆಗಾಲ ಅಟ್ಟದಲ್ಲಿ ಗೋಣಿಯಲ್ಲಿ ಕೂತ ಸುಣ್ಣ. ಈ ಸಲ ಅದು ಮುಗಿದು, ಸುಟ್ಟು ಒಂದು ವಾರವೂ ಆಗದ ಚಿಪ್ಪು ಸುಣ್ಣವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರು.

ಅಟ್ಟದ ಗೋಣಿಯ ತಳದಲ್ಲಿ ಹಳೆಯ ಸುಣ್ಣ ಇನ್ನೂ ಒಂದೆರಡು ಕಿಲೋ ಉಳಿದಿತ್ತು. ಎರಡನ್ನೂ ತಂದು, ಮಕ್ಕಳಿಲ್ಲದ ರಜೆಯ ದಿನ ಶಾಲೆಯ ಹಿಂಬದಿಯ ಬಯಲಿನಲ್ಲಿ ಕನ್ನಡಕ ಮತ್ತು ಕೈಗವಸು ಹಾಕಿಕೊಂಡು ಪರೀಕ್ಷಿಸಿದೆ. ಉಕ್ಕಿನ ಪಾತ್ರೆಯಲ್ಲಿ ಅರ್ಧ ಲೀಟರ್ ನೀರಿಗೆ 100 ಗ್ರಾಂ ಹೊಸ ಸುಣ್ಣ ಹಾಕಿದಾಗ ನೀರಿನ ಉಷ್ಣತೆ 29 ಡಿಗ್ರಿಯಿಂದ 71ಕ್ಕೆ ಏರಿತು. ಶುದ್ಧ ಸುಣ್ಣಕ್ಕೆ, ಶಾಖ ನಷ್ಟವಿಲ್ಲದೆ, ಲೆಕ್ಕ ಹೇಳುವ ಏರಿಕೆ ಸುಮಾರು 55 ಡಿಗ್ರಿ. ನನಗೆ ಸಿಕ್ಕಿದ್ದು 42. ಪಾತ್ರೆಗೂ ಗಾಳಿಗೂ ಹೋದ ಪಾಲು, ಚಿಪ್ಪಿನಲ್ಲಿ ಸುಡದೆ ಉಳಿದ ಭಾಗ ಎರಡನ್ನೂ ಗಣಿಸಿದರೆ ಇದು ಒಪ್ಪತಕ್ಕ ಫಲಿತಾಂಶ. ಅದೇ ಪ್ರಮಾಣದಲ್ಲಿ ಹಳೆಯ ಸುಣ್ಣ ಹಾಕಿದಾಗ ಏರಿಕೆ ಕೇವಲ 7 ಡಿಗ್ರಿ. ಅಂದರೆ ಆ ಸುಣ್ಣದ ಆರರಲ್ಲಿ ಐದು ಪಾಲು ಅಟ್ಟದಲ್ಲಿಯೇ ನಮ್ಮ ಮಳೆಗಾಲದ ತೇವವನ್ನು ಹೀರಿ, ಯಾರಿಗೂ ತಿಳಿಯದಂತೆ, ತಿಂಗಳುಗಟ್ಟಲೆ ಅರಳಿ ಮುಗಿಸಿತ್ತು. ಮೂವತ್ತು ವರ್ಷಗಳ ಅನುಭವ ಸುಳ್ಳಾಗಿರಲಿಲ್ಲ. ಆ ಅನುಭವ ಬೇರೊಂದು ವಸ್ತುವಿನದಾಗಿತ್ತು. ಎರಡಕ್ಕೂ ಇದ್ದ ಹೆಸರು ಸುಣ್ಣ ಎಂಬುದೊಂದೇ.

ಕೊನೆಯದಾಗಿ ಬಕೆಟ್ಟಿನ ಪ್ರಮಾಣವನ್ನೇ ಸಣ್ಣದಾಗಿ ಮಾಡಿದೆ: 100 ಗ್ರಾಂ ಹೊಸ ಸುಣ್ಣಕ್ಕೆ 62 ಮಿಲಿಲೀಟರ್ ನೀರು. ಮೂರನೆಯ ನಿಮಿಷದ ಹೊತ್ತಿಗೆ ಹಬೆ ಭುಸುಗುಟ್ಟಿ, ಸುಣ್ಣ ಒಣಹುಡಿಯಾಗಿ ಉಬ್ಬಿತು. 110 ಡಿಗ್ರಿವರೆಗಷ್ಟೇ ಗುರುತಿದ್ದ ಶಾಲೆಯ ಥರ್ಮಾಮೀಟರ್‌ನ ಪಾದರಸ ತುದಿಗೆ ಓಡುವುದನ್ನು ಕಂಡು ಅದನ್ನು ಎತ್ತಿಬಿಟ್ಟೆ. ಹುಡಿಯ ಮೇಲಿಟ್ಟ ಪ್ಲಾಸ್ಟಿಕ್ ಚಮಚದ ತುದಿ ಬಾಗಿತು.

ಈ ಶಾಖ ಎಲ್ಲಿಂದ ಬಂತು

ತರಗತಿಯಲ್ಲಿ ಈ ಪ್ರಕರಣ ಹೇಳಿದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಕೇಳಲಾದ ಅತ್ಯುತ್ತಮ ಪ್ರಶ್ನೆ. ಉತ್ತರ ಸುಣ್ಣದ ಗೂಡಿನಲ್ಲಿದೆ. ಕಪ್ಪೆಚಿಪ್ಪು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಅದನ್ನು 900 ಡಿಗ್ರಿಯ ಆಸುಪಾಸಿಗೆ ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಇದು ಶಾಖವನ್ನು ಹೀರಿಕೊಳ್ಳುವ ಅಂತರುಷ್ಣಕ ಕ್ರಿಯೆ: ಪ್ರತಿ ಮೋಲ್‌ಗೆ ಸುಮಾರು 178 ಕಿಲೋಜೂಲ್. ಹೀಗೆ ಹೀರಿದ್ದರಲ್ಲಿ 65 ಕಿಲೋಜೂಲ್ ನೀರು ಹಾಕಿದಾಗ ನಡೆಯುವ, ಶಾಖ ಬಿಡುವ ಬಹಿರುಷ್ಣಕ ಕ್ರಿಯೆಯಲ್ಲಿ ಹಿಂದಿರುಗುತ್ತದೆ. ಬಾಕಿ 113 ಕಿಲೋಜೂಲ್? ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಮರಳಿ ಪಡೆದು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಆ ಬಾಕಿ ಅಲ್ಲಿ ತೀರುತ್ತದೆ. ಚಿಪ್ಪಿನಿಂದ ಹೊರಟು ಚಿಪ್ಪಿನ ವಸ್ತುವಿಗೇ ಮರಳಿದಾಗ ಕೊಟ್ಟ ಶಾಖವೂ ಪಡೆದ ಶಾಖವೂ ಸರಿಹೋಗುತ್ತವೆ. ದಾರಿ ಯಾವುದಾದರೂ ಒಟ್ಟು ಶಾಖ ಒಂದೇ ಎಂದು ಹೆಸ್ ಎಂಬ ರಸಾಯನಶಾಸ್ತ್ರಜ್ಞ 1840ರಲ್ಲಿ ಪ್ರಕಟಿಸಿದ ನಿಯಮ ಇದೇ.

ಇದರಲ್ಲಿ ಗಮನಿಸಬೇಕಾದ ಸಂಗತಿ ಏನೆಂದರೆ, ಸುಣ್ಣ ಬಳಿದ ಗೋಡೆ ಬಕೆಟ್ಟಿಗಿಂತ ಹೆಚ್ಚು ಶಾಖ ಬಿಡುತ್ತದೆ, ಆದರೂ ಆ ಗೋಡೆಗೆ ಒರಗಿ ಕೂತವರಿಗೆ ಅದರ ಅರಿವೇ ಆಗುವುದಿಲ್ಲ, ಏಕೆಂದರೆ ಆ ಕ್ರಿಯೆ ವಾರಗಳು, ತಿಂಗಳುಗಳ ಕಾಲ ನಡೆಯುತ್ತದೆ. ಕೈ ಸುಡುವುದನ್ನು ನಿರ್ಧರಿಸುವುದು ಒಟ್ಟು ಶಾಖವೊಂದೇ ಅಲ್ಲ. ಅದು ಎಷ್ಟು ಬೇಗ ಹೊರಬರುತ್ತದೆ, ಎಷ್ಟು ನೀರಿಗೆ ಹಂಚಿಹೋಗುತ್ತದೆ ಎಂಬ ಎರಡು ಸಂಗತಿಗಳೂ ಹೌದು. ಅಟ್ಟದ ಗೋಣಿಯ ಸುಣ್ಣ ತನ್ನ ಶಾಖವನ್ನು ಒಂದು ವರ್ಷದಲ್ಲಿ ಬಿಟ್ಟಿತು, ಬಕೆಟ್ಟಿನ ಸುಣ್ಣ ಐದು ನಿಮಿಷದಲ್ಲಿ.

ಅದೇ ಅಂಗಳದಲ್ಲಿ ಇದಕ್ಕೆ ವಿರುದ್ಧವಾದದ್ದೂ ನಡೆದಿತ್ತು. ಮೈಲುತುತ್ತದ ಹರಳು ನೀರಿನಲ್ಲಿ ಕರಗುವಾಗ ಸ್ವಲ್ಪ ಶಾಖವನ್ನು ಹೀರುತ್ತದೆ, ಪ್ರತಿ ಮೋಲ್‌ಗೆ ಸುಮಾರು 11 ಕಿಲೋಜೂಲ್. ಬ್ಯಾರೆಲ್ ತುಂಬ ನೀರಿರುವುದರಿಂದ ಅದು ಡಿಗ್ರಿಯ ಒಂದು ಭಾಗದಷ್ಟು ತಣಿದದ್ದು ಯಾರ ಕೈಗೂ ತಿಳಿಯಲಿಲ್ಲ. ಯೂರಿಯಾ ಕರಗಿಸುವವರಿಗಾದರೆ ಇದು ಚೆನ್ನಾಗಿ ಗೊತ್ತು: 4 ಲೀಟರ್ ನೀರಿಗೆ 1 ಕಿಲೋ ಯೂರಿಯಾ ಹಾಕಿ ಕದಡಿದರೆ ಹತ್ತು ಡಿಗ್ರಿಗೂ ಮೀರಿ ತಣಿದು ಪಾತ್ರೆಯ ಹೊರಮೈ ಕೊರೆಯುತ್ತದೆ, ತೇವದ ದಿನವಾದರೆ ಬೆವರುತ್ತದೆ ಕೂಡ. ಕಟ್ಟುನಿಟ್ಟಾಗಿ ಹೇಳುವುದಾದರೆ ಕರಗುವಿಕೆಯನ್ನು ರಾಸಾಯನಿಕ ಕ್ರಿಯೆ ಎನ್ನಲಾಗದು, ಆದರೂ ಶಾಖದ ಲೆಕ್ಕ ಎರಡಕ್ಕೂ ಒಂದೇ ಬಗೆಯದು. ಮಕ್ಕಳಿಗೆ ಈ ಪಾಠವನ್ನು ನಾನು ಈಗ ಯೂರಿಯಾದಿಂದಲೇ ಆರಂಭಿಸುತ್ತೇನೆ.

ಬದಲಾದ ಕ್ರಮ

ಹೊಸ ಕ್ರಮ ಹುಡುಕುವಾಗ ದಾರಿ ತೋರಿಸಿದವರು ಆ ಮನೆಯ ಎಂಬತ್ತು ದಾಟಿದ ಅಜ್ಜಿ. ಹಿಂದೆ ಸುಣ್ಣ ಅರಳಿಸುತ್ತಿದ್ದುದು ಹಿಂದಿನ ದಿನ ಸಂಜೆ, ಹಟ್ಟಿಯ ಬಳಿಯ ಕಲ್ಲಿನ ಮರಿಗೆಯಲ್ಲಿ. ಮೊದಲು ಮರಿಗೆ ತುಂಬ ನೀರು, ಆಮೇಲೆ ಸುಣ್ಣ. ಆ ಹೊತ್ತಿನಲ್ಲಿ ಮಕ್ಕಳನ್ನು ಅಂಗಳಕ್ಕೆ ಬಿಡುತ್ತಿರಲಿಲ್ಲ ಎಂದು ಅವರು ನೆನಪಿಸಿಕೊಂಡರು. ಮರಿಗೆ ಮೂಲೆ ಸೇರಿ ಪ್ಲಾಸ್ಟಿಕ್ ಬಕೆಟ್ ಬಂದಾಗ ಆ ಕ್ರಮವೂ ಜೊತೆಗೇ ಮರೆತುಹೋಗಿತ್ತು. ಹಳೆಯ ಸುಣ್ಣವೇ ಸಿಗುತ್ತಿದ್ದುದರಿಂದ ಆ ಮರೆವಿನ ಬೆಲೆ ಯಾರಿಗೂ ಗೊತ್ತಾಗಲಿಲ್ಲ.

ಮರಿಗೆಯನ್ನು ತೊಳೆದು ಅಂಗಳಕ್ಕೆ ತಂದೆವು. ಎಂಟು ಕಿಲೋ ಸುಣ್ಣಕ್ಕೆ 50 ಲೀಟರ್ ನೀರು ಎಂದು ನಿಗದಿ ಮಾಡಿದೆ. ಈ ಪ್ರಮಾಣದಲ್ಲಿ ಸುಣ್ಣ ಒಮ್ಮೆಗೇ ಬಿದ್ದು ಪೂರ್ತಿ ಅರಳಿದರೂ ಉಷ್ಣತೆಯ ಏರಿಕೆ ಲೆಕ್ಕದಂತೆ 44 ಡಿಗ್ರಿ, ಕುದಿಯುವ ಪ್ರಶ್ನೆಯಿಲ್ಲ. ಅದರ ಮೇಲೂ ಕಿಲೋ ಕಿಲೋ ಆಗಿ, ಹತ್ತು ನಿಮಿಷದ ಅಂತರದಲ್ಲಿ ಹಾಕುವುದು, ಆರಡಿಯ ಬಿದಿರಿನಿಂದ ಕದಡುವುದು, ಕದಡುವವರು ಕನ್ನಡಕ ಹಾಕುವುದು, ಬದಿಯಲ್ಲಿ ನೀರು ಹರಿಯುವ ಪೈಪ್ ಸಿದ್ಧವಿಡುವುದು. ಅಲ್ಯೂಮಿನಿಯಂ ಪಾತ್ರೆಯನ್ನು ಹತ್ತಿರ ತರಬಾರದೆಂದು ಬೇರೆಯಾಗಿಯೇ ಹೇಳಿದೆ, ಏಕೆಂದರೆ ಸುಣ್ಣದ ಕ್ಷಾರ ಆ ಲೋಹವನ್ನು ತಿಂದು ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಬಿಡಿಸುತ್ತದೆ.

ಹಿಂದಿನ ಸಂಜೆಯೇ ಅರಳಿಸುವುದರಿಂದ ಮದ್ದಿನ ಗುಣಕ್ಕೂ ಲಾಭವಿದೆ. ಮೈಲುತುತ್ತದ ನೀರೂ ಸುಣ್ಣದ ಹಾಲೂ ಎರಡೂ ತಣ್ಣಗಿರುವಾಗಲೇ ಬೆರೆಸಬೇಕು. ಬಿಸಿಯಲ್ಲಿ ಬೆರೆಸಿದರೆ ತಾಮ್ರದ ನೀಲಿ ಕಣಗಳು ದಪ್ಪವಾಗಿ ಬೇಗ ತಳಕ್ಕಿಳಿಯುತ್ತವೆ. ಬಿಸಿ ಹೆಚ್ಚಿದಷ್ಟೂ ತಾಮ್ರದ ಹೈಡ್ರಾಕ್ಸೈಡ್ ನೀರು ಕಳೆದುಕೊಂಡು ಕಪ್ಪು ಆಕ್ಸೈಡ್‌ನತ್ತ ತಿರುಗುತ್ತದೆ. ಹಾಗಾದ ಮದ್ದು ಅಡಿಕೆ ಗೊನೆಗೆ ಸರಿಯಾಗಿ ಹಿಡಿಯುವುದಿಲ್ಲ, ಮದ್ದು ಬಿಡುವ ಉದ್ದ ಕೋಲಾದ ದೋಟಿಯ ನಾಝಲ್‌ನಲ್ಲೂ ಕಟ್ಟಿಕೊಳ್ಳುತ್ತದೆ.

ಎರಡನೆಯ ಸಲದ ಮದ್ದಿಗೆ, ಸುಮಾರು 45 ದಿನಗಳ ಬಳಿಕ, ಮಳೆ ಬಿಡುವು ಕೊಟ್ಟ ಒಂದು ಸಂಜೆ ಅದೇ ಹೊಸ ಸುಣ್ಣದ ಉಳಿದ ಚೀಲವನ್ನು ಬಿಚ್ಚಿದೆವು. ಮರಿಗೆಯ ನೀರು ಮೊದಲಿಗೆ 26 ಡಿಗ್ರಿ ಇತ್ತು. ಎಂಟನೆಯ ಕಿಲೋ ಬಿದ್ದಾಗ 54ಕ್ಕೆ ತಲುಪಿ, ಅಲ್ಲಿಂದ ಇಳಿಯತೊಡಗಿತು. ಬಿದಿರು ಹಿಡಿದಿದ್ದವರು ಅದೇ ಹಿರಿಯರು; ಬೇರೆಯವರಿಗೆ ಕೊಡಲು ಅವರು ಒಪ್ಪಲಿಲ್ಲ. ಬೆಳಗ್ಗೆ ಆರಕ್ಕೆ ಸುಣ್ಣದ ಹಾಲು 27 ಡಿಗ್ರಿಗೆ ಇಳಿದಿತ್ತು. ಬೆರೆಸಿದ ದ್ರಾವಣ ತಿಳಿನೀಲಿಯಾಗಿ, ಬೇಗ ತಳಕ್ಕಿಳಿಯದೆ ನಿಂತಿತು. ತೊಳೆದ ಚೂರಿಯನ್ನು ಒಂದು ನಿಮಿಷ ಅದರಲ್ಲಿ ಮುಳುಗಿಸಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕಾಣಲಿಲ್ಲ, ಅಂದರೆ ಸುಣ್ಣ ಸಾಕಷ್ಟಿತ್ತು; ಏಳು ಗಂಟೆಗೆ ದೋಟಿಗಳು ತೋಟಕ್ಕಿಳಿದವು.